ಕಡೂರು ಸೀಮೆಯ ಬೇಟೆಯಲ್ಲಿ ಗುಂಡಿನ ಗತಿ

೧

ಬೇಟೆಯ ವರ್ಣನೆಯು ನಮ್ಮ ಪ್ರಾಚೀನ ವಾಙ್ಮಯದಲ್ಲಿ ಹೇರಳವಾಗಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಯೆಯು ರಾಜವಿನೋದಗಳಲ್ಲಿ ಒಂದಾಗಿ ವಿಸ್ತಾರವಾಗಿ ನಿರೂಪಿತವಾಗಿದೆ. ಹರಿಹರನ ಕಣ್ಣಪ್ಪನು ಬೇಡನಾಗಿಯೇ ಭಕ್ತನಾದವನು. ಹೊಯ್ಸಳ ವಂಶದ ಲಾಂಛನವೇ ಮೃಗದೊಡನೆ ಸೆಣಸುತ್ತಿರುವ ಸಳನದು. ಆ ಕಥೆಯ ನೆಲೆಯೆಂದು ಪ್ರಸಿದ್ಧವಾದ ಸೊಸೆವೂರು, ಎಂದರೆ ಇಂದಿನ ಅಂಗಡಿಯು, ಮೂಡಿಗೆರೆ ತಾಲ್ಲೂಕಿನಲ್ಲಿದೆ. ಅದೇ ವಂಶದ ವೀರಬಲ್ಲಾಳನ ಕಾಲದಲ್ಲಿ, ೧೧೯೬ರಲ್ಲಿ, ನಿರ್ಮಿತವಾದ ಅಮೃತೇಶ್ವರ ದೇವಾಲಯವು ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿದ್ದು, ಅಲ್ಲಿಯ ಶಾಸನವು ಕವಿಚಕ್ರವರ್ತಿ ಜನ್ನನ ರಚನೆಯೆಂಬುದು ಸಾಹಿತ್ಯಾಭ್ಯಾಸಿಗಳಿಗೆ ವಿದಿತವೇ ಆಗಿದೆ.

ಇಷ್ಟೆಲ್ಲ ಇದ್ದರೂ ಒಂದು ವಿಷಯದಲ್ಲಿ ಕವಿಗಳೂ ಚರಿತ್ರಕಾರರೂ ಸಮಾನವಾಗಿ ಮೌನವಹಿಸಿದ್ದಾರೆ. ಬಿಲ್ಲಿನಿಂದ ಅಂಬು ಹೊರಟಿತು, ಕೋವಿಯಿಂದ ಗುಂಡು ಹಾರಿತು, ಮೃಗವು ಬಿದ್ದಿತು ಎನ್ನುವಲ್ಲಿಗೆ ವರ್ಣನೆ ಮುಗಿಯುತ್ತದೆ. ತಗುಲಿದ ಗುಂಡು ಮೃಗದ ಶರೀರದೊಳಗೆ ಏನು ಮಾಡಿತು? ಎಷ್ಟು ದೂರ ಹೊಕ್ಕಿತು? ಎಲುಬಿಗೆ ತಾಗಿ ಒಡೆಯಿತೆ, ಅರಳಿತೆ, ಅಥವಾ ಸೂಜಿಯಂತೆ ತೂರಿಹೋಯಿತೆ? ಬೀಳದೆ ಓಡಿಹೋದ ಮೃಗದ ಗತಿಯೇನಾಯಿತು? ಈ ಪ್ರಶ್ನೆಗಳು ಕೇವಲ ಷಿಕಾರಿಯವರ ಚರ್ಚೆಗೆ ಸೇರಿದುವೆಂದು ನಾವು ಬಿಟ್ಟುಬಿಟ್ಟಿದ್ದೇವೆ. ಆದರೆ ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯ ಬೇಟೆಯ ಇತಿಹಾಸವನ್ನು ಪರಿಶೀಲಿಸಿದರೆ, ಬೇಟೆಗಾರನ ಧೈರ್ಯಕ್ಕಿಂತಲೂ ಕೋವಿಯ ಗಾತ್ರಕ್ಕಿಂತಲೂ ಈ ಪ್ರಶ್ನೆಗಳೇ ಮುಖ್ಯವೆಂದು ಕಂಡುಬರುತ್ತದೆ. ಮೃಗದ ಮರಣವು ಮಾತ್ರವಲ್ಲದೆ, ಕಾಡಂಚಿನ ಹಳ್ಳಿಗಳ ದನಗಾಹಿಗಳ ಕ್ಷೇಮವೂ ಅನೇಕ ಸಲ ಒಂದು ಸೀಸದ ತುಂಡಿನ ನಡವಳಿಕೆಯನ್ನು ಅವಲಂಬಿಸಿತ್ತು. ಇದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ನೆಲದ ವಿಚಾರ. ೧೮೬೩ರಲ್ಲಿ ಏರ್ಪಟ್ಟು, ೧೯೪೭ರವರೆಗೂ ಕಡೂರು ಜಿಲ್ಲೆಯೆಂದೇ ಕರೆಯಲ್ಪಡುತ್ತಿದ್ದು, ಅನಂತರ ಚಿಕ್ಕಮಗಳೂರು ಜಿಲ್ಲೆಯಾದ ಪ್ರದೇಶವು ಒಂದೇ ಬಗೆಯ ಭೂಮಿಯಲ್ಲ. ಕಡೂರು, ಬೀರೂರು, ಅಜ್ಜಂಪುರಗಳ ಸುತ್ತಣ ಪ್ರದೇಶವು ಬಯಲುಸೀಮೆ. ಹುಲ್ಲುಗಾವಲು, ಜಾಲಿ, ಅಲ್ಲಲ್ಲಿ ಕಲ್ಲುಗುಡ್ಡ. ಇಲ್ಲಿ ಮೈಸೂರು ಅರಸರ ಕಾಲದ ಬೆಣ್ಣೆಚಾವಡಿಯಿಂದ ಬೆಳೆದು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ದನಗಳ ಕಾವಲುಗಳು ಹಬ್ಬಿದ್ದುವು. ಆ ತಳಿಯ ಸಂವರ್ಧನ ಕೇಂದ್ರವು ಅಜ್ಜಂಪುರದಲ್ಲಿ ಸ್ಥಾಪಿತವಾದುದು ೧೯೨೯ರಲ್ಲಿ. ದನಗಳಿಗಾಗಿ ಕಾದಿಟ್ಟ ಈ ಹುಲ್ಲುಗಾವಲುಗಳಲ್ಲಿ ಕೃಷ್ಣಮೃಗವೂ ತೋಳವೂ ಉಳಿದುಕೊಂಡುವು.

ಪಶ್ಚಿಮಕ್ಕೆ ಸರಿದಂತೆ ನೋಟವೇ ಬದಲಾಗುತ್ತದೆ. ಎಮ್ಮೆದೊಡ್ಡಿ, ಮದಗದಕೆರೆ, ಸಖರಾಯಪಟ್ಟಣಗಳನ್ನು ದಾಟಿದರೆ ಬಾಬಾಬುಡನ್ ಗಿರಿಶ್ರೇಣಿಯ ತಪ್ಪಲು ಪ್ರಾರಂಭವಾಗುತ್ತದೆ. ತರೀಕೆರೆಯಿಂದ ಲಕ್ಕವಳ್ಳಿಯ ಕಡೆಗೆ ತೇಗ, ಬಿದಿರು, ಮತ್ತಿಗಳ ಕಾಡು. ಇದು ಹುಲಿ, ಚಿರತೆ, ಕಡವೆ, ಹಂದಿ, ಕಾಟಿಗಳ ನೆಲೆ. ಬಯಲಿನ ಕೃಷ್ಣಮೃಗವು ನೂರಾರು ಗಜಗಳಾಚೆಯಿಂದಲೇ ಮನುಷ್ಯನನ್ನು ಕಂಡು ನೆಗೆಯುವ, ೪೦ ಕಿಲೋಗ್ರಾಮಿನ ಆಸುಪಾಸಿನ ಪ್ರಾಣಿ. ಬಿದಿರುಮೆಳೆಯ ಕಾಟಿಯಾದರೋ ಇಪ್ಪತ್ತು ಮೂವತ್ತು ಗಜಗಳಲ್ಲಿ ಹಠಾತ್ತಾಗಿ ಎದುರಾಗುವ, ೮೦೦ ಕಿಲೋಗ್ರಾಮನ್ನೂ ಮೀರಬಲ್ಲ ಪ್ರಾಣಿ. ಒಂದು ದಿನದ ಪ್ರಯಾಣದೊಳಗೆ ಇವೆರಡೂ ಸಿಕ್ಕುವ ಸೀಮೆ ಇದು. ಒಂದಕ್ಕೆ ತಕ್ಕ ಗುಂಡು ಇನ್ನೊಂದಕ್ಕೆ ತಕ್ಕುದಲ್ಲ. ಈ ಸೀಮೆಯ ಬೇಟೆಯ ತೊಡಕೆಲ್ಲವೂ ಈ ಭೇದದಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

೩

ಗ್ರಂಥಗಳು ಹೇಳದ ಇತಿಹಾಸವನ್ನು ಕೆಲವೊಮ್ಮೆ ಶಬ್ದಗಳು ಹೇಳುತ್ತವೆ. ‘ಬಂದೂಕು’ ಎಂಬುದು ಅರಬ್ಬಿಯ ‘ಬುಂದುಕ್’ ಶಬ್ದದಿಂದ ಪಾರಸಿಯ ಮೂಲಕ ಬಂದುದು. ಅದರ ಹಳೆಯ ಅರ್ಥ ಸಣ್ಣ ಉಂಡೆಯಾಕಾರದ ಕಾಯಿ, ಉಂಡೆ. ‘ತುಪಾಕಿ’ಯು ತುರುಕಿ ಮೂಲದ್ದು. ‘ಕೋವಿ’ಯು ನಮ್ಮದೇ ಶಬ್ದ, ಕೊಳವೆಯೆಂಬುದು ಅದರ ಮೂಲಾರ್ಥ. ಕೊಳವೆಯಂತಿರುವ ಹೊಸ ಆಯುಧವನ್ನು ಕಂಡ ಜನರು ಹಳೆಯ ಹೆಸರನ್ನೇ ಅದಕ್ಕೆ ಇಟ್ಟರು. ೧೫೨೦ರ ರಾಯಚೂರಿನ ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪಕ್ಷದಲ್ಲಿ ಪೋರ್ಚುಗೀಸ್ ಬಂದೂಕುಗಾರರಿದ್ದ ಸಂಗತಿಯನ್ನು ನೂನಿಜ್ ಎಂಬ ವಿದೇಶೀಯನು ಬರೆದಿಟ್ಟಿದ್ದಾನೆ. ಆದುದರಿಂದ ಹದಿನಾರನೆಯ ಶತಮಾನದ ಆದಿಭಾಗಕ್ಕಾಗಲೆ ಕನ್ನಡ ನಾಡಿಗೆ ಈ ಆಯುಧದ ಪರಿಚಯವಿದ್ದಿತು.

‘ಗುಂಡು’ ಎಂದರೆ ದುಂಡಗಿರುವುದು. ಕೋವಿಯ ಸೀಸವು ನಿಜವಾಗಿಯೂ ದುಂಡಗಿದ್ದ ಕಾಲದಲ್ಲಿ ಹುಟ್ಟಿದ ಈ ಹೆಸರು, ಅದು ನೀಳವಾಗಿ ಮೊನಚಾದ ಮೇಲೂ ಉಳಿದುಕೊಂಡಿದೆ. ಒಂದು ಸಲ ಹಾರಿಸುವುದಕ್ಕೆ ಮಲೆನಾಡಿನವರು ‘ಈಡು’ ಎನ್ನುತ್ತಾರೆ. ಎಸೆ, ಹೊಡೆ ಎಂಬ ಅರ್ಥದ ‘ಇಡು’ ಧಾತುವಿನಿಂದ ಬಂದ ಈ ಶಬ್ದಕ್ಕೆ ಕೋವಿಗಿಂತ ಹೆಚ್ಚಿನ ವಯಸ್ಸಾಗಿದೆ. ಇವೆಲ್ಲಕ್ಕಿಂತ ಸ್ವಾರಸ್ಯವಾದುದು ‘ಬಿಲ್ಲು’. ಸೋವಿನ ಬೇಟೆಯಲ್ಲಿ ಹಳುವನ್ನು ನುಗ್ಗಿ ಮೃಗವನ್ನು ಎಬ್ಬಿಸುವವರು ಹಳುವಿನವರು. ಕಂಡಿಗಳಲ್ಲಿ ಕೋವಿ ಹಿಡಿದು ಕಾದು ನಿಲ್ಲುವವರು ಬಿಲ್ಲಿನವರು. ಕೈಯಲ್ಲಿ ಬಿಲ್ಲಿಲ್ಲದೆ ತಲೆಮಾರುಗಳೇ ಕಳೆದರೂ ‘ಬಿಲ್ಲಿಗೆ ನಿಲ್ಲುವುದು’ ತಪ್ಪಲಿಲ್ಲ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (೧೯೩೩), ‘ಕಾನೂರು ಹೆಗ್ಗಡಿತಿ’ (೧೯೩೬) ಮೊದಲಾದ ಗ್ರಂಥಗಳ ಬೇಟೆಯ ಪ್ರಕರಣಗಳನ್ನು ಓದಿದವರಿಗೆ ಈ ಭಾಷೆಯು ಚಿರಪರಿಚಿತ. ಆ ಕವಿಯು ೧೯೦೪ರಲ್ಲಿ ಜನಿಸಿದ ಹಿರೇಕೊಡಿಗೆಯು ಅಂದಿನ ಕಡೂರು ಜಿಲ್ಲೆಯ ಕೊಪ್ಪ ತಾಲ್ಲೂಕಿಗೆ ಸೇರಿದುದೆಂಬುದನ್ನು ಇಲ್ಲಿ ನೆನೆಯಬಹುದು.

ಇದೇ ಭಾಷೆಯಲ್ಲಿ ‘ಗುಂಡಿನ ಈಡು’, ‘ಚರೆಯ ಈಡು’ ಎಂಬ ವಿಭಾಗವೂ ಉಂಟು. ಹಕ್ಕಿಗೆ ಚರೆ, ಹಂದಿಗೆ ಗುಂಡು. ಯಾವ ಪ್ರಾಣಿಗೆ ಯಾವ ಈಡು ಎಂಬ ವಿವೇಕವು ಶಬ್ದದಲ್ಲಿಯೇ ಸೇರಿಕೊಂಡಿತ್ತು. ನಳಿಗೆಯಲ್ಲಿ ಚರೆಯಿರುವಾಗ ಎದುರಿಗೆ ಹುಲಿ ಬಂದರೆ ಏನು ಮಾಡಬೇಕೆಂಬುದು ಮಲೆನಾಡಿನಲ್ಲಿ ಕೇವಲ ಕಲ್ಪನೆಯ ಪ್ರಶ್ನೆಯಾಗಿರಲಿಲ್ಲ.

೪

ಉರುಟು ಗುಂಡಿನ ಯುಗವು ಬಹು ದೀರ್ಘವಾದುದು. ಬತ್ತಿಯ ಬಂದೂಕು, ಚಕಮಕಿ ಕಲ್ಲಿನ ಬಂದೂಕು, ಕೇಪಿನ ಕೋವಿ, ಈ ಮೂರರಲ್ಲಿಯೂ ಬೆಂಕಿ ಹತ್ತಿಸುವ ಉಪಾಯ ಬದಲಾಯಿತೇ ಹೊರತು ಗುಂಡಿನ ಆಕಾರ ಬದಲಾಗಲಿಲ್ಲ. ನಳಿಗೆಯ ಗಾತ್ರವನ್ನು ಅಳೆಯುವ ಕ್ರಮವೇ ಗುಂಡಿನ ಮೇಲೆ ನಿಂತುದು. ಒಂದು ರಾತ್ಲು ಸೀಸದಿಂದ ನಳಿಗೆಗೆ ಸರಿಯಾದ ಎಷ್ಟು ಉಂಡೆಗಳಾಗುವುವೋ ಅದೇ ಬೋರಿನ ಸಂಖ್ಯೆ. ಆದುದರಿಂದ ಹನ್ನೆರಡು ಬೋರಿನ ಗುಂಡಿಗೆ ರಾತ್ಲಿನ ಹನ್ನೆರಡರಲ್ಲೊಂದು ಪಾಲಿನ ತೂಕ. ಎಂಟು ಬೋರಿನದು ೨ ಔನ್ಸು. ನಾಲ್ಕು ಬೋರಿನದು ೪ ಔನ್ಸು, ಎಂದರೆ ೧೧೩ ಗ್ರಾಮು. ಸಂಖ್ಯೆ ಇಳಿದಂತೆ ಗುಂಡು ದೊಡ್ಡದಾಗುವ ಈ ವಿಪರೀತ ಗಣನೆಯು ಇಂದಿಗೂ ಚರೆಕೋವಿಗಳಲ್ಲಿ ನಡೆದುಬಂದಿದೆ.

ದುಂಡಗಿನ ಗುಂಡಿಗೆ ಎರಡು ದೋಷಗಳಿದ್ದುವು. ಮೊದಲನೆಯದು, ಗಾಳಿಯಲ್ಲಿ ಅದರ ವೇಗವು ಬಹು ಬೇಗ ಕುಂದುವುದು. ಕಾವಲಿನ ಬಯಲಿನಲ್ಲಿ ೧೫೦ ಗಜ ದೂರದ ಕೃಷ್ಣಮೃಗಕ್ಕೆ ಹೊಡೆದ ಗುಂಡಿನ ಸರಾಸರಿ ವೇಗವು ಸೆಕೆಂಡಿಗೆ ೧,೧೦೦ ಅಡಿ ಎಂದು ಇಟ್ಟುಕೊಂಡರೆ, ಆ ದೂರವನ್ನು ಕ್ರಮಿಸಲು ಸುಮಾರು ೦.೪೧ ಸೆಕೆಂಡು ಬೇಕು. ಅಷ್ಟರಲ್ಲಿ ಭೂಮಿಯ ಆಕರ್ಷಣದಿಂದ ಗುಂಡು ಸುಮಾರು ೨.೭ ಅಡಿ ಕೆಳಕ್ಕೆ ಬಿದ್ದಿರುತ್ತದೆ. ಕೃಷ್ಣಮೃಗದ ಎದೆಯ ಎತ್ತರವು ಇದರ ಅರ್ಧಕ್ಕೂ ಕಡಮೆ. ದೂರವನ್ನು ಊಹಿಸುವುದರಲ್ಲಿ ಸ್ವಲ್ಪ ತಪ್ಪಿದರೂ ಎದೆಗೆ ಗುರಿಯಿಟ್ಟ ಗುಂಡು ಕಾಲನ್ನು ಮುರಿಯುತ್ತಿತ್ತು. ಮೂರು ಕಾಲಿನಲ್ಲಿ ಓಡಿಹೋದ ಹುಲ್ಲೆಯು ತೋಳಗಳ ಪಾಲಾಗುತ್ತಿತ್ತು. ಎರಡನೆಯ ದೋಷವು ಕಾಡಿಗೆ ಸಂಬಂಧಪಟ್ಟುದು. ಮೆತ್ತಗಿನ ಸೀಸದ ಉಂಡೆಯು ಕಾಟಿಯ ಭುಜದ ಎಲುಬಿಗೆ ತಾಗಿದರೆ ಚಪ್ಪಟೆಯಾಗಿ ಅಲ್ಲಿಯೇ ನಿಲ್ಲುತ್ತಿತ್ತು. ಇದಕ್ಕೆ ಬೇಟೆಗಾರರು ಕಂಡುಕೊಂಡ ಪರಿಹಾರ ಎರಡು ಬಗೆ: ಸೀಸಕ್ಕೆ ತವರವನ್ನೋ ಪಾದರಸವನ್ನೋ ಬೆರಸಿ ಗಟ್ಟಿಮಾಡುವುದು, ಗುಂಡಿನ ತೂಕವನ್ನೇ ಹೆಚ್ಚಿಸುವುದು.

ಮೈಸೂರು ಸಂಸ್ಥಾನದಲ್ಲಿ ೧೮೭೪ರಲ್ಲಿ ಖೆಡ್ಡಾ ಕಾರ್ಯವನ್ನು ಸಫಲಗೊಳಿಸಿ ಹೆಸರಾದ ಜಿ. ಪಿ. ಸ್ಯಾಂಡರ್ಸನ್ನನು (೧೮೪೮–೧೮೯೨) ಈ ಎರಡನೆಯ ಮಾರ್ಗದ ಪ್ರತಿನಿಧಿ. ಭಾರತದ ಕಾಡುಮೃಗಗಳ ನಡುವೆ ತಾನು ಕಳೆದ ಹದಿಮೂರು ವರ್ಷಗಳನ್ನು ಕುರಿತು ಆತನು ೧೮೭೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆನೆ ಕಾಟಿಗಳಿಗೆ ಎಂಟು, ನಾಲ್ಕು ಬೋರುಗಳ ಭಾರಿ ಕೋವಿಗಳ ಬಳಕೆ ಕಂಡುಬರುತ್ತದೆ. ಆತನ ಕಾರ್ಯಕ್ಷೇತ್ರವು ಮುಖ್ಯವಾಗಿ ಸಂಸ್ಥಾನದ ದಕ್ಷಿಣದ ಕಾಡುಗಳಾಗಿದ್ದರೂ, ಕಾಟಿಯ ಎಲುಬು ಲಕ್ಕವಳ್ಳಿಯಲ್ಲಿ ಬೇರೆ, ಚಾಮರಾಜನಗರದಲ್ಲಿ ಬೇರೆ ಅಲ್ಲವಷ್ಟೆ. ಆದರೆ ಇಂಥ ಕೋವಿಯನ್ನು ಹೊತ್ತು ನಡೆಯುವುದೇ ಒಂದು ಕಷ್ಟ; ಅದರ ಒದೆತವನ್ನು ತಡೆಯುವುದು ಇನ್ನೊಂದು; ಕರಿಮದ್ದಿನ ಹೊಗೆಯು ಕಣ್ಣಿಗೆ ಕವಿದು, ಏಟು ತಿಂದ ಮೃಗವು ಯಾವ ಕಡೆಗೆ ಹೋಯಿತೆಂಬುದೇ ತಿಳಿಯದೆ ಹೋಗುವುದು ಮೂರನೆಯದು.

೫

ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ನಳಿಗೆಯೊಳಗಣ ಸುರುಳಿಗೆರೆಗಳೂ ನೀಳವಾದ ಗುಂಡೂ ಒಟ್ಟಿಗೆ ಬಳಕೆಗೆ ಬಂದುವು. ಫ್ರಾನ್ಸಿನ ಮಿನ್ಯೇ ಎಂಬವನ ಗುಂಡು ೧೮೪೯ರದು. ಸುರುಳಿಗೆರೆಯು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದ ಅದು ಮೂತಿಯನ್ನು ಮುಂದುಮಾಡಿಕೊಂಡೇ ಹೋಗುತ್ತದೆ. ಹೀಗೆ ಒಂದೇ ಅಗಲದ ನಳಿಗೆಯಿಂದ ಹೆಚ್ಚು ತೂಕದ ಸೀಸವನ್ನು ಹಾರಿಸುವುದು ಸಾಧ್ಯವಾಯಿತು. ರೈಫಲ್ ಎಂಬ ಹೆಸರು ಬಂದುದು ಈ ಗೆರೆಗಳಿಂದಲೇ.

ಇಲ್ಲಿಂದ ಮುಂದೆ ಬೇಟೆಗಾರರಲ್ಲಿ ಒಂದು ದೊಡ್ಡ ವಿವಾದವು ತಲೆದೋರಿತು. ೧೮೫೬ರಲ್ಲಿ ಪರ್ಡಿ ಎಂಬ ಇಂಗ್ಲಿಷ್ ಕೋವಿ ತಯಾರಕನು ರೈಲುಬಂಡಿಯ ವೇಗವನ್ನು ನೆನಪಿಗೆ ತರುವ ಹೆಸರಿನಿಂದ ಒಂದು ಹೊಸ ಮಾದರಿಯನ್ನು ಹೊರಡಿಸಿದನು. ಅದರಿಂದ ‘ಎಕ್ಸ್‌ಪ್ರೆಸ್’ ಎಂಬ ಜಾತಿಯೇ ಬೆಳೆಯಿತು. ಹಗುರವಾದ ಗುಂಡು, ಹೇರಳವಾದ ಮದ್ದು, ಅಧಿಕವಾದ ವೇಗ, ಇವು ಅದರ ಲಕ್ಷಣಗಳು. ಎಕ್ಸ್‌ಪ್ರೆಸ್ ಗುಂಡಿನ ಮೂತಿಯಲ್ಲಿ ಅನೇಕ ವೇಳೆ ಟೊಳ್ಳು ಇರುತ್ತಿತ್ತು. ಮಾಂಸಕ್ಕೆ ತಗುಲಿದೊಡನೆ ಆ ಟೊಳ್ಳಿನಿಂದ ಗುಂಡು ಬಿರಿದು ಅರಳುತ್ತಿತ್ತು. ಬಯಲಿನ ಜಿಂಕೆಗೆ ಇದು ಬಹು ಯೋಗ್ಯವಾದ ಆಯುಧ. ಸರಾಸರಿ ವೇಗವು ೧,೮೦೦ ಅಡಿಯಾದರೆ ೧೫೦ ಗಜಕ್ಕೆ ಗುಂಡಿನ ಇಳಿತವು ಒಂದು ಅಡಿಯ ಸುಮಾರಿಗೆ ಬರುತ್ತದೆ. ಹಿಂದೆ ಹೇಳಿದ ೨.೭ ಅಡಿಯೊಡನೆ ಇದನ್ನು ಹೋಲಿಸಿದರೆ ಕಾವಲಿನ ಬೇಟೆಗಾರನಿಗೆ ಎಂಥ ಅನುಕೂಲವಾಯಿತೆಂಬುದು ಸ್ಪಷ್ಟ. ಎಕ್ಸ್‌ಪ್ರೆಸ್ಸಿಗೂ ಅದರ ಹಿಂದೆ ಬಂದ ಹೊಗೆಯಿಲ್ಲದ ಮದ್ದಿನ ರೈಫಲುಗಳಿಗೂ ಈ ಅನುಕೂಲವು ಸಮಾನವಾದುದು.

ಅದೇ ಗುಂಡನ್ನು ತಪ್ಪಲಿನ ಕಾಡಿಗೆ ಕೊಂಡೊಯ್ದರೆ ಗುಣವೇ ದೋಷವಾಗುತ್ತಿತ್ತು. ಕಾಟಿಯ ಭುಜಕ್ಕೋ ಹಂದಿಯ ಹೆಗಲ ದಪ್ಪ ಚರ್ಮಕ್ಕೋ ತಗುಲಿದ ಟೊಳ್ಳುಮೂತಿಯ ಗುಂಡು ಮೇಲ್ಭಾಗದಲ್ಲಿಯೇ ಚೂರುಚೂರಾಗಿ, ಅಗಲವಾದ ಆದರೆ ಆಳವಿಲ್ಲದ ಗಾಯವನ್ನು ಮಾಡಿ ನಿಲ್ಲುತ್ತಿತ್ತು. ಸಿಂಹಳ, ಆಫ್ರಿಕ, ಭಾರತಗಳಲ್ಲಿ ಬೇಟೆಯಾಡಿದ ಸ್ಯಾಮ್ಯುಯಲ್ ಬೇಕರನು ೧೮೯೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಟೊಳ್ಳು ಗುಂಡನ್ನು ತೀಕ್ಷ್ಣವಾಗಿ ಖಂಡಿಸಿ, ಟೊಳ್ಳಿಲ್ಲದ ಶುದ್ಧ ಸೀಸದ ಭಾರವಾದ ಗುಂಡೇ ಹುಲಿಗೆ ಸರಿಯೆಂದು ವಾದಿಸಿದನು. ಆತನ ಅಭಿಪ್ರಾಯದಂತೆ ಉತ್ತಮವಾದ ಗುಂಡು ಅಣಬೆಯಂತೆ ಅರಳಿ, ಮೃಗದ ಶರೀರವನ್ನು ಪೂರ್ತಿಯಾಗಿ ಹಾದು, ಆಚೆಯ ಮಗ್ಗುಲಿನ ಚರ್ಮದ ಕೆಳಗೆ ನಿಲ್ಲಬೇಕು.

ಮೈಸೂರು ಅರಣ್ಯ ಇಲಾಖೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದ ಸಿ. ಇ. ಎಂ. ರಸೆಲ್ ಎಂಬವರು ೧೯೦೦ರಲ್ಲಿ ಪ್ರಕಟಿಸಿದ ಬೇಟೆಯ ಗ್ರಂಥಕ್ಕೆ ‘ಗುಂಡು ಮತ್ತು ಚರೆ’ ಎಂಬ ಅರ್ಥದ ಶೀರ್ಷಿಕೆಯನ್ನೇ ಇಟ್ಟಿದ್ದಾರೆ. ಹೊಸಬರಿಗೆ ಸೂಚನೆಗಳನ್ನು ಕೊಡುವುದು ಅದರ ಉದ್ದೇಶಗಳಲ್ಲೊಂದು. ನಮ್ಮ ಸಂಸ್ಥಾನದ ಅರಣ್ಯಾನುಭವದಿಂದ ಹೊರಟ ಗ್ರಂಥವೊಂದು ಮೃಗಗಳ ಹೆಸರಿನಿಂದಲ್ಲದೆ ಗುಂಡಿನ ಹೆಸರಿನಿಂದ ಪ್ರಾರಂಭವಾಗುವುದು ಗಮನಾರ್ಹ. ಇದೇ ಕಾಲದ ಸುಮಾರಿಗೆ ಫಾಸ್ಬರಿ ಎಂಬ ಸೇನಾಧಿಕಾರಿಯು ಕಲ್ಪಿಸಿದ, ಮೂತಿಯ ಕೆಲವು ಅಂಗುಲಗಳಲ್ಲಿ ಮಾತ್ರ ಸುರುಳಿಗೆರೆಯುಳ್ಳ ‘ಪ್ಯಾರಡಾಕ್ಸ್’ ಕೋವಿಯೂ ಭಾರತದಲ್ಲಿ ಪ್ರಚಾರಕ್ಕೆ ಬಂದಿತು. ಚರೆಯನ್ನೂ ಗುಂಡನ್ನೂ ಒಂದೇ ಕೋವಿಯಿಂದ ಹಾರಿಸಬಹುದಾದ ಇದು, ಬಯಲೂ ಕಾಡೂ ಕೂಡಿದ ಸೀಮೆಗೆ ಒಪ್ಪುವ ರಾಜಿಯಂತಿತ್ತು.

೬

ಹೊಗೆಯಿಲ್ಲದ ಮದ್ದು ಫ್ರಾನ್ಸಿನಲ್ಲಿ ಸಿದ್ಧವಾದ ಮೇಲೆ, ೧೮೮೬ರಿಂದೀಚೆಗೆ, ಗುಂಡಿನ ವೇಗವು ಬಹಳವಾಗಿ ಏರಿತು. ಆ ವೇಗದಲ್ಲಿ ಬರಿಯ ಸೀಸವು ನಳಿಗೆಯ ಗೆರೆಗಳಿಗೆ ಕಚ್ಚಿಕೊಳ್ಳದೆ ಸವೆದು ಅಂಟುವುದರಿಂದ ಅದಕ್ಕೆ ಗಟ್ಟಿಯಾದ ಲೋಹದ ಕವಚವನ್ನು ತೊಡಿಸಬೇಕಾಯಿತು. ಪೂರ್ತಿಯಾಗಿ ಕವಚ ತೊಟ್ಟ ಸಣ್ಣ ಗುಂಡು ಮಾಂಸದಲ್ಲಿ ಅರಳುವುದಿಲ್ಲ. ೧೮೯೫ರ ಚಿತ್ರಾಲ್ ದಂಡಯಾತ್ರೆಯಲ್ಲಿ ತಮ್ಮ ಹೊಸ ರೈಫಲಿನ ಏಟು ತಿಂದವನು ನಿಲ್ಲದೆ ಮುಂದೆ ಬರುತ್ತಾನೆಂದು ಬ್ರಿಟಿಷ್ ಸೈನಿಕರು ದೂರಿದರು. ಇದರ ಫಲವಾಗಿ ಕಲಕತ್ತೆಯ ಹತ್ತಿರದ ಡಂಡಂ ಕಾರ್ಖಾನೆಯಲ್ಲಿ ಮೂತಿಯ ಸೀಸವನ್ನು ತೆರೆದಿಟ್ಟ ಗುಂಡು ತಯಾರಾಯಿತು. ೧೮೯೯ರ ಹೇಗ್ ಸಮ್ಮೇಳನವು ಶರೀರದಲ್ಲಿ ಅರಳುವ ಗುಂಡುಗಳನ್ನು ಯುದ್ಧದಲ್ಲಿ ಬಳಸಕೂಡದೆಂದು ಘೋಷಿಸಿತು.

ಇಲ್ಲಿಯೊಂದು ವೈಪರೀತ್ಯವನ್ನು ವಾಚಕರು ಗಮನಿಸಬೇಕು. ಮನುಷ್ಯನ ಮೇಲೆ ಕ್ರೂರವೆಂದು ನಿಷೇಧಿಸಲ್ಪಟ್ಟ ಗುಂಡೇ ಬೇಟೆಯಲ್ಲಿ ದಯೆಯ ಗುಂಡೆಂದು ಪರಿಗಣಿತವಾಯಿತು. ಇದರಲ್ಲಿ ಅಸಂಗತವೇನೂ ಇಲ್ಲ. ಯುದ್ಧದಲ್ಲಿ ಶತ್ರುವನ್ನು ಅಶಕ್ತನನ್ನಾಗಿ ಮಾಡಿದರೆ ಸಾಕು, ಅವನನ್ನು ಎತ್ತಿ ಶುಶ್ರೂಷೆ ಮಾಡುವವರುಂಟು. ಕಾಡಿನಲ್ಲಿ ಗಾಯಗೊಂಡ ಪ್ರಾಣಿಗೆ ಆಸ್ಪತ್ರೆಯಿಲ್ಲ; ಅಲ್ಲಿ ತಡವಾದ ಮರಣವೇ ಕ್ರೌರ್ಯ.

ಇಪ್ಪತ್ತನೆಯ ಶತಮಾನದ ಪ್ರಾರಂಭಕ್ಕೆ ಬೇಟೆಗಾರನ ಮುಂದೆ ಎರಡು ಬಗೆಯ ಗುಂಡುಗಳಿದ್ದುವು: ಚರ್ಮ ತೆಳುವಾದ ಪ್ರಾಣಿಗಳಿಗೆ ಅರಳುವ ಮೆದುಮೂತಿಯದು, ಆನೆಯಂಥ ದೊಡ್ಡ ಪ್ರಾಣಿಗಳಿಗೆ ಅರಳದ ಘನಗುಂಡು. ೧೮೯೮ರಲ್ಲಿ ರಿಗ್ಬಿಯವರು ಹೊರತಂದ ೦.೪೫೦ ಅಂಗುಲದ ರೈಫಲಿನ ಗುಂಡಿಗೆ ೪೮೦ ಗ್ರೈನು ತೂಕ, ಸೆಕೆಂಡಿಗೆ ೨,೧೫೦ ಅಡಿ ವೇಗ. ನಳಿಗೆಯ ಬಾಯಲ್ಲಿ ಅದರ ಶಕ್ತಿಯು ಸುಮಾರು ೪,೯೦೦ ಅಡಿ-ರಾತ್ಲು. ಸ್ಯಾಂಡರ್ಸನ್ನನ ಕಾಲದ ನಾಲ್ಕು ಬೋರಿನ ಗುಂಡಿಗೆ ಇದರ ಮೂರೂವರೆಯಷ್ಟಕ್ಕೂ ಹೆಚ್ಚು ತೂಕವಿದ್ದಿತು. ಭಾರವು ಮಾಡುತ್ತಿದ್ದ ಕೆಲಸವನ್ನು ವೇಗವು ವಹಿಸಿಕೊಂಡಿತು. ೧೯೦೪ರಲ್ಲಿ ಅಮೆರಿಕದ ವಿಂಚೆಸ್ಟರ್ ಕಂಪೆನಿಯವರು ತಂದ ೦.೪೦೫ ಅಂಗುಲದ ಗುಂಡು ೩೦೦ ಗ್ರೈನಿನದು. ವೇಗ ಸುಮಾರು ೨,೨೦೦ ಅಡಿ. ಶಕ್ತಿ ಸುಮಾರು ೩,೨೦೦ ಅಡಿ-ರಾತ್ಲು. ನಮ್ಮ ಸೀಮೆಯ ನರಭಕ್ಷಕರ ಕಥೆಗಳಿಂದ ಪ್ರಸಿದ್ಧನಾದ ಬೆಂಗಳೂರಿನ ಕೆನ್ನೆತ್ ಆಂಡರ್ಸನ್ನನ (೧೯೧೦–೧೯೭೪) ರೈಫಲು ಇದೇ ಜಾತಿಯದು.

೭

ಈ ಅಂಕಿಗಳಿಂದ ಎಲ್ಲವೂ ನಿರ್ಣಯವಾಗುವುದೆಂದು ಭಾವಿಸುವುದು ತಪ್ಪು. ಗುಂಡಿನ ಶಕ್ತಿಯು ಒಂದು ಬಂಡವಾಳ. ಅದು ಎಲ್ಲಿ, ಹೇಗೆ ವ್ಯಯವಾಯಿತೆಂಬುದೇ ಮುಖ್ಯ. ಮೃಗವು ತತ್‌ಕ್ಷಣವೇ ಬೀಳುವುದು ಮಿದುಳಿಗೋ ಬೆನ್ನೆಲುಬಿನ ಹುರಿಗೋ ಏಟು ಬಿದ್ದಾಗ ಮಾತ್ರ. ಉಳಿದ ಸಂದರ್ಭಗಳಲ್ಲಿ ರಕ್ತವು ಸೋರಿ ಮಿದುಳಿಗೆ ಪ್ರಾಣವಾಯು ತಪ್ಪುವವರೆಗೂ ಅದಕ್ಕೆ ಓಡುವ ಶಕ್ತಿ ಇದ್ದೇ ಇರುತ್ತದೆ. ಹೃದಯಕ್ಕೆ ಗುಂಡು ಬಿದ್ದ ಜಿಂಕೆಯೂ ಐವತ್ತು ನೂರು ಗಜ ಓಡಿ ಬೀಳುವುದುಂಟು. ಹೊಸ ಬೇಟೆಗಾರನು ಏಟು ತಪ್ಪಿತೆಂದು ಹಿಂದಿರುಗಿದರೆ ಆ ಪ್ರಾಣಿಯ ಮರಣವು ವ್ಯರ್ಥ.

ವೇಗವಾಗಿ ಹೊಕ್ಕ ಗುಂಡು ಎರಡು ಬಗೆಯ ಕುಹರಗಳನ್ನು ಮಾಡುತ್ತದೆಂದು ಇಂದಿನ ಶಾಸ್ತ್ರವು ತಿಳಿಸುತ್ತದೆ. ತಾನು ಹಾದುಹೋದ ದಾರಿಯಲ್ಲಿ ಹರಿದು ಉಳಿಸುವ ಸ್ಥಿರವಾದ ರಂಧ್ರವು ಒಂದು. ಸುತ್ತಣ ಮಾಂಸವನ್ನು ಕ್ಷಣಕಾಲ ಹೊರಕ್ಕೆ ತಳ್ಳಿ ಮತ್ತೆ ಕೂಡಿಕೊಳ್ಳಬಿಡುವ ಕ್ಷಣಿಕ ಕುಹರವು ಇನ್ನೊಂದು. ಶ್ವಾಸಕೋಶವು ಸ್ಥಿತಿಸ್ಥಾಪಕ ಗುಣವುಳ್ಳದ್ದಾದುದರಿಂದ ಆ ತಳ್ಳಾಟವನ್ನು ಬಹುಮಟ್ಟಿಗೆ ಸಹಿಸುತ್ತದೆ. ಯಕೃತ್ತು ಸಹಿಸದೆ ಬಿರಿಯುತ್ತದೆ. ಗುಂಡು ಅರಳಿದಷ್ಟೂ ರಂಧ್ರವು ಅಗಲ, ಆದರೆ ಆಳ ಕಡಮೆ. ಆಳ ಅಗಲಗಳ ಈ ಕಲಹವನ್ನು ಯಾವ ಗುಂಡೂ ಪೂರ್ತಿಯಾಗಿ ಬಗೆಹರಿಸಿಲ್ಲ. ಬೇಕರನು ಹೇಳಿದ ಆಚೆಯ ಚರ್ಮದ ಕೆಳಗಣ ಅಣಬೆಯು ಈ ಎರಡರ ಸಂಧಾನವೇ.

ಮೃಗದ ರಚನೆಯೂ ಇಲ್ಲಿ ಪ್ರಧಾನ. ಕಾಟಿಯ ಬೆನ್ನಿನ ಮೇಲಣ ಏಣು ಬರಿಯ ಮಾಂಸವಲ್ಲ. ಬೆನ್ನೆಲುಬಿನ ಮಣಿಗಳಿಂದ ಮೇಲಕ್ಕೆ ಚಾಚಿದ ನೀಳವಾದ ಎಲುಬುಗಳು ಅದಕ್ಕೆ ಆಧಾರ. ಗುಂಡು ಎತ್ತರವಾಗಿ ಅಲ್ಲಿಗೆ ತಗುಲಿದರೆ ಕಾಟಿಯು ಸಿಡಿಲು ಬಡಿದಂತೆ ಉರುಳಿ, ಸ್ವಲ್ಪ ಹೊತ್ತಿನಲ್ಲಿ ಎದ್ದು ಹೋಗಬಲ್ಲುದು. ಹುಲಿಯನ್ನು ಸಾಮಾನ್ಯವಾಗಿ ಮಚಾನಿನ ಮೇಲಿಂದ ಹೊಡೆಯುತ್ತಿದ್ದರು. ಮೇಲಿಂದ ಕೆಳಕ್ಕೆ ಹೊಕ್ಕ ಗುಂಡು ಹೊರಬೀಳದಿದ್ದರೆ, ಸಡಿಲವಾದ ಚರ್ಮವೂ ಕೊಬ್ಬೂ ಸರಿದು ರಂಧ್ರವನ್ನು ಮುಚ್ಚಿಬಿಡುತ್ತವೆ. ರಕ್ತವು ಒಳಗೇ ಸೋರುತ್ತದೆ. ನೆಲದ ಮೇಲೆ ಜಾಡು ಇರುವುದಿಲ್ಲ. ಜಾಡು ಇದ್ದಾಗ ಅನುಭವಶಾಲಿಗಳು ಅದನ್ನು ಲಿಪಿಯಂತೆ ಓದುತ್ತಿದ್ದರು. ನೊರೆಗೂಡಿದ ತಿಳಿಗೆಂಪು ನೆತ್ತರು ಶ್ವಾಸಕೋಶದ್ದು; ಕಪ್ಪಗೆ, ಹುಲ್ಲಿನ ಸಿಪ್ಪೆ ಬೆರೆತುದು ಹೊಟ್ಟೆಯದು. ಮೊದಲನೆಯದಾದರೆ ಮೃಗವು ಸಮೀಪದಲ್ಲಿಯೇ ಬಿದ್ದಿರುತ್ತದೆ. ಎರಡನೆಯದಾದರೆ ಅದಕ್ಕೆ ಅನೇಕ ಗಂಟೆಗಳ ಯಾತನೆ. ಬೆನ್ನಟ್ಟಿದವನಿಗೆ ಅಷ್ಟೇ ಹೊತ್ತಿನ ಅಪಾಯ.

೮

ಇನ್ನು ಬೀಳದೆ ಹೋದ ಮೃಗದ ವಿಚಾರ. ಕಾಲು ಮುರಿದ, ದವಡೆ ಒಡೆದ ಹುಲಿಗೆ ಕಡವೆಯನ್ನು ಹಿಡಿಯುವ ಶಕ್ತಿಯಿರುವುದಿಲ್ಲ. ಅದು ಮೊದಲು ದನಗಳ ಕಡೆಗೆ ತಿರುಗುತ್ತದೆ. ದನವನ್ನು ಬಿಡಿಸಲು ಬಂದ ದನಗಾಹಿಯು ಅದಕ್ಕೆ ಎರಡನೆಯ ಬೇಟೆಯಾಗುತ್ತಾನೆ. ಕಾವಲುಗಳ ಸೇರ್ವೆಗಾರರಿಗೂ ತಪ್ಪಲಿನ ಹಳ್ಳಿಗರಿಗೂ ಹುಲಿಯ ಭಯ ಹೊಸದಲ್ಲ. ಆದರೆ ಸ್ವಸ್ಥವಾದ ಹುಲಿಯ ಭಯ ಬೇರೆ, ಗಾಯದ ಹುಲಿಯ ಭಯ ಬೇರೆ.

ಹಿಮಾಲಯದ ತಪ್ಪಲಿನ ಜಿಮ್ ಕಾರ್ಬೆಟ್ಟನು ೧೯೪೪ರಲ್ಲಿ ಪ್ರಕಟಿಸಿದ ಕುಮಾವೂನಿನ ನರಭಕ್ಷಕಗಳ ಗ್ರಂಥದಲ್ಲಿ ಈ ಸಂಬಂಧವನ್ನು ಸ್ಪಷ್ಟಪಡಿಸಿದ್ದಾನೆ. ೧೯೦೭ರಲ್ಲಿ ಆತನು ಕೊಂದ ಚಂಪಾವತಿಯ ಹೆಣ್ಣು ಹುಲಿಯ ಬಲಗಡೆಯ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದಿದ್ದುವು. ೧೯೩೮ರ ಥಾಕ್ ಹುಲಿಯ ಮೈಯಲ್ಲಿಯೂ ಹಳೆಯ ಗುಂಡಿನ ಗಾಯಗಳಿದ್ದುವು. ಅಜಾಗರೂಕತೆಯಿಂದ ಹಾರಿಸಿದ ಒಂದು ಗುಂಡು, ಹಿಂಬಾಲಿಸದೆ ಬಿಟ್ಟ ಒಂದು ಗಾಯ, ಇವು ನರಭಕ್ಷಕವನ್ನು ಹುಟ್ಟಿಸಬಲ್ಲುವೆಂಬುದು ಆತನ ನಿರ್ಣಯ. ಮುಳ್ಳುಹಂದಿಯ ಮುಳ್ಳು, ಮುಪ್ಪು ಮೊದಲಾದ ಬೇರೆ ಕಾರಣಗಳೂ ಇವೆಯೆಂಬುದನ್ನು ಆತನೇ ಹೇಳಿದ್ದಾನೆ.

ನಮ್ಮ ಸೀಮೆಗೆ ಬಂದರೆ, ಆಂಡರ್ಸನ್ನನು ೧೯೫೪ರಲ್ಲಿ ಪ್ರಕಟಿಸಿದ ಮೊದಲ ಗ್ರಂಥದಲ್ಲಿಯೇ ಎಮ್ಮೆದೊಡ್ಡಿಯ ನರಭಕ್ಷಕನ ಕಥೆಯೂ, ಅಜ್ಜಂಪುರಕ್ಕೆ ನೆರೆಯಾದ ಹೊಸದುರ್ಗ-ಹೊಳಲ್ಕೆರೆಯ ನರಭಕ್ಷಕನ ಕಥೆಯೂ ಸೇರಿವೆ. ಬೆಂಗಳೂರು-ಹರಿಹರ ರೈಲುದಾರಿಯು ೧೮೮೯ರಲ್ಲಿ ಕಡೂರು, ಬೀರೂರು, ಅಜ್ಜಂಪುರಗಳ ಮೂಲಕ ಹಾದುಬಂದುದೂ, ಹತ್ತು ವರ್ಷಗಳ ತರುವಾಯ ಬೀರೂರಿನಿಂದ ತರೀಕೆರೆಯ ಮೂಲಕ ಶಿವಮೊಗ್ಗೆಗೆ ಶಾಖೆ ಹೊರಟುದೂ ಈ ಕಾಡುಗಳನ್ನು ನಗರದ ಬೇಟೆಗಾರನಿಗೆ ಒಂದು ರಾತ್ರಿಯ ಪ್ರಯಾಣದಷ್ಟು ಹತ್ತಿರಕ್ಕೆ ತಂದುವು. ನುರಿತವರು ಬಂದಂತೆ ನುರಿಯದವರೂ ಬಂದರು. ಹೀಗೆ ಬಂದು ಒಂದು ಈಡು ಹಾರಿಸಿ, ಮರುದಿನದ ರೈಲಿಗೆ ಹಿಂದಿರುಗುವವನಿಗೆ ಗಾಯದ ಮೃಗವನ್ನು ಹುಡುಕುವಷ್ಟು ಸಮಯವೆಲ್ಲಿಯದು?

ದೋಷವೆಲ್ಲ ನಗರದವರದೆಂದು ಹೇಳುವುದೂ ನ್ಯಾಯವಲ್ಲ. ಬೆಳೆಯನ್ನು ಕಾಯುವುದಕ್ಕಾಗಿ ರೈತರು ಇಟ್ಟುಕೊಂಡಿದ್ದ ಕೇಪಿನ ಕೋವಿಗಳು ಹೆಚ್ಚು ವೇಗವಿಲ್ಲದವು. ಗುಂಡು ಸಿಕ್ಕದಾಗ ಕಬ್ಬಿಣದ ಚೂರನ್ನೋ ಮೊಳೆಯನ್ನೋ ತುಂಬುವುದಿತ್ತು. ಗದ್ದೆಗೆ ಬರುವ ಹಂದಿಗಾಗಿ ಕಾದವನಿಗೆ ಕತ್ತಲಲ್ಲಿ ಚಿರತೆ ಕಂಡರೆ ಕೈ ತಡೆಯದು. ಆ ಈಡು ಕೊಲ್ಲಲಾರದು, ಕುಂಟುಮಾಡಬಲ್ಲುದು. ಹೊಟ್ಟೆಯ ಪಾಡಿಗಾಗಿ ಹಾರಿಸಿದ ಈಡಿಗೂ ವಿನೋದಕ್ಕಾಗಿ ಹಾರಿಸಿದ ಈಡಿಗೂ ನೈತಿಕವಾಗಿ ಅಂತರವಿದೆ. ಆದರೆ ಗಾಯಗೊಂಡ ಮೃಗಕ್ಕೆ ಆ ಅಂತರ ತಿಳಿಯದು, ಅದರ ಬಾಯಿಗೆ ಸಿಕ್ಕ ದನಗಾಹಿಗೂ ತಿಳಿಯದು.

ಈ ಕಾರಣದಿಂದಲೇ ಬೇಟೆಗಾರರಲ್ಲಿ ಒಂದು ಅಲಿಖಿತ ಧರ್ಮವು ಬೆಳೆದುಬಂದಿತು. ಗಾಯಮಾಡಿದವನೇ ಹಿಂಬಾಲಿಸಿ ಮುಗಿಸಬೇಕು. ಮುಗಿಸಲಾರದಿದ್ದರೆ ಸುತ್ತಣ ಹಳ್ಳಿಗಳಿಗೆ ಎಚ್ಚರಿಕೆ ಕೊಡಬೇಕು. ಗಾಯದ ಹುಲಿಯನ್ನು ಹುಡುಕಲು ಎಮ್ಮೆಯ ಹಿಂಡನ್ನು ಮುಂದೆ ಬಿಟ್ಟು ಹಿಂದೆ ಹೋಗುವ ಪದ್ಧತಿಯೂ ಇದ್ದಿತು. ಈ ಧರ್ಮವನ್ನು ಪಾಲಿಸಿದವರ ಧೈರ್ಯವನ್ನು ಬೇಟೆಯ ಗ್ರಂಥಗಳು ಕೊಂಡಾಡುತ್ತವೆ. ಆದರೆ ಜಾಡು ಹಿಡಿದು ಮುಂದೆ ನಡೆದ ಹಳ್ಳಿಯವರ ಹೆಸರುಗಳು ಅವುಗಳಲ್ಲಿ ವಿರಳ. ಕೋವಿ ಹಿಡಿದವನ ಕಣ್ಣು ಪೊದೆಯ ಮೇಲೆ. ಜಾಡಿನವನ ಕಣ್ಣು ನೆಲದ ಮೇಲೆ. ಹುಲಿ ನೆಗೆದಾಗ ಬರಿಗೈಯಲ್ಲಿರುವವನು ಅವನೇ.

೯

ಮೈಸೂರು ಸಂಸ್ಥಾನದಲ್ಲಿ ಮೃಗ ಮತ್ಸ್ಯಗಳ ಸಂರಕ್ಷಣೆಯ ಕಾನೂನು ಬಂದುದು ೧೯೦೧ರಲ್ಲಿ. ೧೯೫೧ರಲ್ಲಿ ಜಾಗರ ಕಣಿವೆಯು ಅಭಯಾರಣ್ಯವಾಯಿತು. ೧೯೭೪ರಲ್ಲಿ ವಿಸ್ತಾರಗೊಂಡು ಭದ್ರಾ ಅಭಯಾರಣ್ಯವೆಂಬ ಹೆಸರನ್ನು ಪಡೆಯಿತು. ೧೯೯೮ರಲ್ಲಿ ಹುಲಿ ಯೋಜನೆಗೆ ಸೇರಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು ಬೇಟೆಯ ಯುಗಕ್ಕೆ ತೆರೆಯೆಳೆಯಿತು. ಕಡೂರಿನ ಬಯಲಿನಲ್ಲಿ ಬಾಸೂರಿನ ಅಮೃತಮಹಲ್ ಕಾವಲು ೨೦೧೧ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಪ್ರದೇಶವಾಯಿತು. ಹಿಂದೆ ಎರಡು ಬಗೆಯ ಗುಂಡುಗಳನ್ನು ಬೇಡಿದ ಎರಡು ನೆಲಗಳಿಗೂ ಹೀಗೆ ರಕ್ಷಣೆ ದೊರಕಿತು.

ಬೇಟೆ ನಿಂತರೂ ಬೇಟೆಯ ಸಾಹಿತ್ಯವು ನಿಂತಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ನನ ಕಥೆಗಳನ್ನು ‘ಕಾಡಿನ ಕಥೆಗಳು’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದ ಮೇಲೆ ಅವು ನಮ್ಮ ಮನೆಮನೆಯ ಓದಾಗಿವೆ; ಶಾಲೆಗಳಲ್ಲಿ ಮಕ್ಕಳು ಉತ್ಸಾಹದಿಂದ ಓದುತ್ತಾರೆ. ಅಂಥ ಕಥೆಯನ್ನು ಪಾಠಹೇಳುವ ಉಪಾಧ್ಯಾಯರು ‘ಈಡು ಹಾರಿತು’ ಎಂಬ ವಾಕ್ಯದಲ್ಲಿ ಒಂದು ಗಳಿಗೆ ನಿಲ್ಲುವುದು ಒಳ್ಳೆಯದು. ಹಾರಿದುದು ಚರೆಯೋ ಗುಂಡೋ, ದೂರವೆಷ್ಟು, ಮೃಗವು ಯಾವ ಮಗ್ಗುಲನ್ನು ತೋರಿಸಿ ನಿಂತಿತ್ತು, ನೆತ್ತರಿನ ಬಣ್ಣವೇನು, ಹಿಂಬಾಲಿಸಿದವರು ಯಾರು, ಹಿಂಬಾಲಿಸದೆ ಬಿಟ್ಟವರು ಯಾರು ಎಂದು ಕೇಳಿದರೆ ಕಥೆಯ ಅರ್ಥವು ಬೇರೆಯಾಗುತ್ತದೆ. ನರಭಕ್ಷಕನನ್ನು ಕೊಂದ ಕೊನೆಯ ಗುಂಡನ್ನು ನಾವೆಲ್ಲರೂ ಬಲ್ಲೆವು. ಅದನ್ನು ನರಭಕ್ಷಕನನ್ನಾಗಿ ಮಾಡಿದ ಮೊದಲನೆಯ ಗುಂಡು ಯಾವ ಕಥೆಯಲ್ಲಿಯೂ ನಾಯಕನ ಕೋವಿಯಿಂದ ಹೊರಟಂತೆ ವರ್ಣಿತವಾಗುವುದು ಅಪರೂಪ. ಕಡೂರು ಸೀಮೆಯ ಬೇಟೆಯ ಚರಿತ್ರೆಯನ್ನು ಬರೆಯುವವರು ಆ ಮೊದಲನೆಯ ಗುಂಡಿನಿಂದ ಪ್ರಾರಂಭಿಸಬೇಕು.